ಪದಚರ್ಚೆ: ‘ಸಿಂಗಲ್ ಮಾಲ್ಟ್’, ‘ಏಜ್ಡ್’, ‘ಡಿಸ್ಟಿಲರಿ’ (ಬ್ರೋರಾ ಫಲಕಕ್ಕೆ, ತುರ್ತು)

ಗೆಳೆಯರೆ,
ಪ್ರದರ್ಶನದ ಫಲಕವೊಂದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಸ್ತು: ಸ್ಕಾಟ್ಲೆಂಡಿನ ಬ್ರೋರಾ ವಿಸ್ಕಿ, 30 ವರ್ಷದ್ದು, ಬಾಟಲಿಗೆ ತುಂಬಿದ್ದು 2002ರಲ್ಲಿ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘1819ರಿಂದ ನಡೆದು ಈಗ ಮುಚ್ಚಿರುವ ಬ್ರೋರಾ ಭಟ್ಟಿಯ 30 ವರ್ಷ ಹಳೆಯ ಏಕಧಾನ್ಯ ಮದ್ಯ’. ತಿದ್ದಿಕೊಡಿ.

ಮರು:
ಏಕಧಾನ್ಯ ತಪ್ಪು. ಸಿಂಗಲ್ ಎಂದರೆ ಒಂದೇ ಡಿಸ್ಟಿಲರಿಯದು. ಧಾನ್ಯದ ಮಾತು ಮಾಲ್ಟ್‌ನಲ್ಲೇ ಮುಗಿಯಿತು: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಒಂದೇ ಪೀಪಾಯಿ ಎಂದೂ ಅಲ್ಲ, ಅದು ಸಿಂಗಲ್ ಕ್ಯಾಸ್ಕ್. ಹಲವು ಪೀಪಾಯಿ ಬೆರೆಸಿದರೆ ಎಲ್ಲಕ್ಕಿಂತ ಕಿರಿಯದರ ವಯಸ್ಸನ್ನೇ ಲೇಬಲ್ಲಿಗೆ ಹಾಕುತ್ತಾರೆ.
‘ಹಳೆಯ’ವೂ ಬೇಡ. ವಿಸ್ಕಿ ಬಾಟಲಿಯಲ್ಲಿ ಪಕ್ವವಾಗುವುದಿಲ್ಲ. ಓದುಗ ಇಂದಿನಿಂದ ಲೆಕ್ಕ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ತಪ್ಪುತ್ತಾನೆ. ‘ಪೀಪಾಯಿಯಲ್ಲಿ 30 ವರ್ಷ ಮಾಗಿದ’ ಎನ್ನಿ.

ಮರು:
ಡಿಸ್ಟಿಲರಿ ಯಾಕೆ? ಬಟ್ಟಿಮನೆ ಇದೆ. ಮಹಾಪ್ರಾಣದ ‘ಭಟ್ಟಿ’ ಕನ್ನಡಿಗರ ಬಾಯಲ್ಲಿಲ್ಲ. ಪೀಪಾಯಿ ಪೋರ್ಚುಗೀಸರ ಪೀಪದಿಂದ ಬಂದದ್ದು, ಮರಗಡಿಗೆ ಎನ್ನಬಹುದು.

ಮರು:
> ಮರಗಡಿಗೆ
ಗಡಿಗೆಗೆ ಹಲಗೆ, ಕಬ್ಬಿಣದ ಪಟ್ಟಿ ಇರುತ್ತದೆಯೆ? ಸ್ಕಾಚ್ ಕಾನೂನು ಹೇಳುವುದು 700 ಲೀಟರ್ ಮೀರದ ಓಕ್ ಪೀಪಾಯಿ, ಕನಿಷ್ಠ 3 ವರ್ಷ. ಆ ಹಲಗೆಯ ಮೂಲಕವೇ ಅಲ್ಲಿ ವರ್ಷಕ್ಕೆ ಸುಮಾರು ಶೇ. 2 ಆವಿಯಾಗುತ್ತದೆ, 30 ವರ್ಷಕ್ಕೆ ಅರ್ಧಕ್ಕಿಂತ ಚೂರು ಹೆಚ್ಚು ಉಳಿದೀತು. ಬೆಂಗಳೂರಿನ ಸೆಕೆಯಲ್ಲಿ ಶೇ. 10 ದಾಟುತ್ತದೆ. ಅಷ್ಟು ವರ್ಷ ಇಲ್ಲಿಟ್ಟರೆ ತಳ ಕಾಣುತ್ತದೆ. 30 ವರ್ಷದ್ದು ಅಪರೂಪವಾಗುವುದು ಇದರಿಂದಲೇ. ಫಲಕದಲ್ಲಿ ಜಾಗವಿದ್ದರೆ ಇದನ್ನು ಹಾಕಿ, ವ್ಯುತ್ಪತ್ತಿಯನ್ನಲ್ಲ.
ಅಂದಹಾಗೆ ‘ಬಟ್ಟಿ’ಯೂ ಸಂಸ್ಕೃತದ ಭ್ರಾಷ್ಟ್ರ ಪ್ರಾಕೃತದಲ್ಲಿ ಸವೆದು ಬಂದದ್ದು. ಮಹಾಪ್ರಾಣ ಕಿತ್ತರೆ ಅಚ್ಚಗನ್ನಡವಾಗದು.

ಮರು:
ಪದಕ್ಕೆ ಕಚ್ಚಾಡುತ್ತ ಚರಿತ್ರೆಯ ತಪ್ಪನ್ನು ಬಿಟ್ಟಿದ್ದೀರಿ. 1819ರಲ್ಲಿ ಕಟ್ಟಿದಾಗ ಅದರ ಹೆಸರು ಕ್ಲೈನ್‌ಲಿಶ್. 1960ರ ದಶಕದ ಕೊನೆಗೆ ಪಕ್ಕದಲ್ಲೇ ಹೊಸದು ಎದ್ದು ಆ ಹೆಸರನ್ನು ಒಯ್ದಿತು. ಹಳೆಯದು ಬ್ರೋರಾ ಆದದ್ದು 1969ರಲ್ಲಿ. ಮುಚ್ಚಿದ್ದು 1983ರಲ್ಲಿ. 2021ರಲ್ಲಿ ಮತ್ತೆ ಶುರುವಾಗಿದೆ, ‘ಈಗ ಮುಚ್ಚಿರುವ’ ಹೊಡೆದುಹಾಕಿ. 1970ರ ದಶಕದ ಮೊದಲ ವರ್ಷಗಳ ಬ್ರೋರಾದಲ್ಲಿ ಪೀಟ್ (ಬಾರ್ಲಿ ಒಣಗಿಸಲು ಉರಿಸುವ ಜೌಗುಮಣ್ಣು) ಹೊಗೆ ಗಾಢ: ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆವಾಸನೆಯ ಮಾಲ್ಟ್ ವಿಸ್ಕಿ ಸಾಲದೆ ಇಲ್ಲಿ ಮಾಡಿಸಿದರು.
ಫಲಕಕ್ಕೆ: ‘ಬ್ರೋರಾ. ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ. ಓಕ್ ಪೀಪಾಯಿಯಲ್ಲಿ 30 ವರ್ಷ ಮಾಗಿದ್ದು, 2002ರಲ್ಲಿ ಬಾಟಲಿಗೆ ತುಂಬಿದ್ದು. 1983ರಲ್ಲಿ ನಿಂತ ಡಿಸ್ಟಿಲರಿ 2021ರಲ್ಲಿ ಮತ್ತೆ ತೆರೆಯಿತು.’

ಮರು:
ಬರೀ ಇಂಗ್ಲಿಷ್. ಮಾಲ್ಟ್‌ಗೂ ಕನ್ನಡವಿಲ್ಲವೆ?

ಮರು:
ರಾಗಿ ಮಾಲ್ಟ್ ಊರೂರಿನ ಅಂಗಡಿಯಲ್ಲಿದೆ. ಅದನ್ನು ಒಪ್ಪಿದ್ದೀರಲ್ಲ.

ಮರು:
ಒಪ್ಪಿಲ್ಲ.