ಎರಡನೆಯ ಬಾರಿ ಲೇಸಿಕ್: ಮಾಡಿಸಿಕೊಂಡವರ ಅನುಭವವೇನು?

ಪ್ರಶ್ನೆ: ಒಂಬತ್ತು ವರ್ಷಗಳ ಹಿಂದೆ ಲೇಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡ ನನಗೆ ಈಗ ಮತ್ತೆ ಮೈನಸ್ 1.25 ಬಂದಿದೆ. ಆಗ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ಕೊಯ್ದು ಎತ್ತಿದ್ದ ತೆಳು ಪದರವನ್ನೇ ಮತ್ತೆ ಎತ್ತಿ ಇನ್ನೊಮ್ಮೆ ಲೇಸರ್ ಹಾಯಿಸಬಹುದೆಂದು ವೈದ್ಯರು ಹೇಳಿದ್ದಾರೆ. ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾನು ಹಾಗೆ ಎತ್ತಿಸಿಕೊಂಡವನು. ಮೊದಲನೆಯದು ಸಲೀಸಾಗಿ ಮುಗಿದಿದ್ದರಿಂದ ಎರಡನೆಯದೂ ಅಷ್ಟೇ ಎಂದುಕೊಂಡಿದ್ದೆ. ಒಂದು ತಿಂಗಳು ದೃಷ್ಟಿ ಚೆನ್ನಾಗಿಯೇ ಇತ್ತು. ಆಮೇಲೆ ಬೆಳಿಗ್ಗೆ ಎದ್ದಾಗ ಬಲಗಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚತೊಡಗಿತು, ಅಕ್ಷರಗಳ ಪಕ್ಕದಲ್ಲಿ ಮಸುಕಾದ ಇನ್ನೊಂದು ಅಕ್ಷರ ಕಾಣತೊಡಗಿತು. ಪರೀಕ್ಷಿಸಿದ ವೈದ್ಯರು ಪದರದ ಅಂಚಿನಿಂದ ಒಳಕ್ಕೆ ಹಬ್ಬಿದ್ದ ಬೂದುಬಣ್ಣದ ಕಲೆಯನ್ನು ಪರದೆಯ ಮೇಲೆ ತೋರಿಸಿದರು. ಕಾರ್ನಿಯಾದ ಹೊರಮೈಯ ಕೋಶಗಳು ಪದರದಡಿಗೆ ನುಸುಳಿ ಬೆಳೆಯುವ ಈ ತೊಡಕು ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪ; ಹಲವು ವರ್ಷಗಳ ಬಳಿಕ ಪದರವನ್ನು ಮತ್ತೆ ಎತ್ತಿದಾಗ ಅದರ ಸಂಭವ ಹೆಚ್ಚುತ್ತದೆ. ಅಂಚಿನಲ್ಲೇ ನಿಂತಿದ್ದರೆ ಸುಮ್ಮನೆ ಗಮನಿಸುತ್ತಿದ್ದರು, ನನ್ನದು ನಡುವಿನತ್ತ ಸಾಗುತ್ತಿದ್ದುದರಿಂದ ಪದರವನ್ನು ಇನ್ನೊಮ್ಮೆ ಎತ್ತಿ ಕೆರೆದು ತೆಗೆಯಬೇಕಾಯಿತು.

ಎರಡನೆಯ ಉತ್ತರ: ನನಗೆ ಪದರ ಎತ್ತದೆ ಅದರ ಮೇಲ್ಮೈಯಲ್ಲೇ ಪಿಆರ್‌ಕೆ (ಹೊರಮೈಯ ಕೋಶಗಳನ್ನು ಸರಿಸಿ ನೇರವಾಗಿ ಲೇಸರ್ ಹಾಯಿಸುವ ವಿಧಾನ) ಮಾಡಿದರು. ನಾಲ್ಕು ದಿನ ವಿಪರೀತ ಉರಿ, ದೃಷ್ಟಿ ತಿಳಿಯಾಗಲು ವಾರಗಳೇ ಹಿಡಿದವು. ಮಬ್ಬು ಕಟ್ಟದಿರಲೆಂದು ಮೈಟೊಮೈಸಿನ್ ಔಷಧ ಬಳಸಿದ್ದರು. ಕಣ್ಣೊಣಗುವುದು ಮಾತ್ರ ಈಗಲೂ ಇದೆ, ಡ್ರಾಪ್ಸ್ ಬಿಟ್ಟಿಲ್ಲ.

ಮೂರನೆಯ ಉತ್ತರ: ನನಗೆ ಎರಡನೆಯದು ಬೇಡವೆಂದರು, ಆಗ ಕೋಪ ಬಂದಿತ್ತು. ಲೆಕ್ಕ ಹೀಗಿತ್ತು: ಕಾರ್ನಿಯಾದ ದಪ್ಪ ಮೂಲತಃ 510 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಪದರ 140, ಮೈನಸ್ 7ಕ್ಕೆ ಡಯಾಪ್ಟರಿಗೆ (ಒಂದು ನಂಬರಿಗೆ) ಸುಮಾರು 15ರಂತೆ 105 ಹೋಗಿ ಪದರದಡಿಯಲ್ಲಿ ಉಳಿದದ್ದು 265. ಇನ್ನು 1.25 ತೆಗೆದರೆ 250ಕ್ಕಿಂತ ಕೆಳಗಿಳಿಯುತ್ತದೆ. ಅನೇಕ ವೈದ್ಯರು ಅದನ್ನೇ ಕನಿಷ್ಠ ಮಿತಿಯೆಂದು ಹಿಡಿಯುತ್ತಾರೆ, ಕೆಲವರು 300 ಇರಲಿ ಎನ್ನುತ್ತಾರೆ. ತೀರ ತೆಳುವಾದ ಕಾರ್ನಿಯಾ ಮುಂದಕ್ಕೆ ಉಬ್ಬತೊಡಗಿದರೆ ಕ್ರಾಸ್‌ಲಿಂಕಿಂಗ್ (ಕಾರ್ನಿಯಾವನ್ನು ಗಟ್ಟಿಗೊಳಿಸುವ ಚಿಕಿತ್ಸೆ) ಮಾಡಿ ಅದನ್ನು ತಡೆಯಲು ಯತ್ನಿಸಬಹುದೇ ಹೊರತು ಹೋದ ದಪ್ಪ ಮರಳುವುದಿಲ್ಲ. ಆ ಉಬ್ಬಿನಿಂದಲೇ ನಂಬರ್ ಮರಳಿರಲೂಬಹುದು, ಆದ್ದರಿಂದ ನಿಮ್ಮ ಕಾರ್ನಿಯಾದ ಟೊಪೊಗ್ರಫಿ (ಅದರ ಉಬ್ಬುತಗ್ಗು ಅಳೆಯುವ ಪರೀಕ್ಷೆ) ಮೊದಲು ಆಗಲಿ. ವಯಸ್ಸು ನಲವತ್ತು ದಾಟಿದ್ದರೆ ಇನ್ನೊಂದು ಮಾತು: ಈ ಅಲ್ಪ ಮೈನಸ್ ಓದುವಾಗ ನೆರವಾಗುತ್ತದೆ. ನಾನು ರಾತ್ರಿ ವಾಹನ ಓಡಿಸುವಾಗಷ್ಟೇ ಕನ್ನಡಕ ಹಾಕುತ್ತೇನೆ. ಮೊದಲ ಶಸ್ತ್ರಚಿಕಿತ್ಸೆಯ ಕಡತವನ್ನು ಈಗಲೇ ಕೇಳಿ ಪಡೆಯಿರಿ. ಮುಂದೆ ಪೊರೆ ತೆಗೆಸುವಾಗ ಲೆನ್ಸಿನ ಪವರ್ ಲೆಕ್ಕ ಹಾಕಲೂ ಅದು ಬೇಕಾಗುತ್ತದೆ.