ಫಿಜಿಯಲ್ಲಿ ಹುಟ್ಟಿದವನು ಕಾರ್ಕ್ ತಂಡದ ಕ್ಯಾಪ್ಟನ್ ಆಗಿದ್ದು ಹೇಗೆ?

ಹಿಂಜವಡಿ ಹುಡುಗ:
ನಮ್ಮ ಆಫೀಸಿಗೆ ಐರ್ಲೆಂಡಿನ ಕಾರ್ಕ್‌ನಿಂದ ಒಬ್ಬರು ಬಂದಿದ್ದಾರೆ. ಊಟಕ್ಕೆ ಕೂತರೆ ಹರ್ಲಿಂಗ್ (ಅವರ ಕಡೆಯ ಬ್ಯಾಟು-ಚೆಂಡಿನ ಆಟ) ಬಿಟ್ಟು ಬೇರೆ ಮಾತಿಲ್ಲ. ನಿನ್ನೆ ಶಾನ್ ಓಗ್ ಓ ಹಾಲ್ಪೀನ್ ಅನ್ನೋ ಆಟಗಾರನ ವಿಡಿಯೋ ತೋರಿಸಿದರು. ಹುಟ್ಟಿದ್ದು ಫಿಜಿಯಲ್ಲಿ, ಆದರೆ ಕಾರ್ಕ್ ಕ್ಯಾಪ್ಟನ್. ಹೇಗೆ ಸಾಧ್ಯ? ಮೇಲಾಗಿ ಆಟಗಾರರಿಗೆ ಸಂಬಳವೇ ಇಲ್ಲ ಅಂತಾರೆ, ನಿಜವಾ?

ಡೊಂಬಿವಲಿ ಕಾಕಾ:
ನಿಜ ಕಣಪ್ಪ. ಎಂಬತ್ತು ಸಾವಿರ ಜನ ಸೇರುವ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್ ಆಡಿದವನೂ ಮರುದಿನ ಕೆಲಸಕ್ಕೆ ಹೋಗಬೇಕು. ಶಾನ್ ಓಗ್ ಆಡುವಾಗ ಬ್ಯಾಂಕ್ ನೌಕರನಾಗಿದ್ದ. ಐಪಿಎಲ್ ಥರ ಹರಾಜಿಲ್ಲ, ಹುಡುಗರು ತಮ್ಮೂರಿನ ಕ್ಲಬ್‌ಗೆ ಆಡ್ತಾರೆ, ಅಲ್ಲಿಂದ ಕೌಂಟಿ, ಅಂದರೆ ಜಿಲ್ಲೆಯ, ತಂಡಕ್ಕೆ.
ಇವನ ಅಪ್ಪ ಐರ್ಲೆಂಡಿನ ಫರ್ಮಾನಾ ಕಡೆಯವರು, ಅಮ್ಮ ಫಿಜಿಯ ರೊಟುಮಾ ದ್ವೀಪದವರು. ಸಿಡ್ನಿಯಲ್ಲಿ ಬೆಳೆದ ಹುಡುಗ 1988ರಲ್ಲಿ, ಹನ್ನೊಂದರ ವಯಸ್ಸಿಗೆ, ಕಾರ್ಕ್‌ಗೆ ಬಂದ. ನಾ ಪಿಯರ್ಸೆ ಕ್ಲಬ್‌ ಸೇರಿ ಹರ್ಲಿಂಗ್ ಕಲಿತ. ಐರಿಷ್ ಭಾಷೆಯನ್ನೂ ಕಲಿತ. 2005ರ ಆಲ್-ಐರ್ಲೆಂಡ್ ಫೈನಲ್‌ನಲ್ಲಿ ಕ್ಯಾಪ್ಟನ್ ಆಗಿ ಗಾಲ್ವೇ ಕೌಂಟಿಯನ್ನು ಸೋಲಿಸಿ ಕಪ್ ಎತ್ತಿದಾಗ ಇಡೀ ಭಾಷಣ ಐರಿಷ್‌ನಲ್ಲೇ ಮಾಡಿದ. ಐರ್ಲೆಂಡಿನ ಎಷ್ಟೋ ಜನಕ್ಕೇ ಆ ಭಾಷೆ ಸರಿಯಾಗಿ ಬರಲ್ಲ.

ಕೋಥ್ರೂಡ್ ಅಕ್ಕ:
ಓದಿ ಖುಷಿಯಾಯಿತು ಕಾಕಾ. ಇಲ್ಲಿ ನಮ್ಮ ಮಕ್ಕಳು ಮರಾಠಿ ಮಾತಾಡಿದರೆ ಕನ್ನಡ ಹೋಯ್ತು ಅಂತ ಕೊರಗುವವರಿಗೆ ಇದನ್ನು ಕಳಿಸಬೇಕು. ಅವನು ಫಿಜಿಯನ್ನೂ ಬಿಡಲಿಲ್ಲ ಅಲ್ವಾ?

ವಾಸ್ಕೋ ಗೋಲಿ:
ಅಕ್ಕ, ಫಿಜಿ ಕಥೆ ಚೆನ್ನಾಗಿದೆ, ಆದರೆ ಎಲ್ಲರೂ ಅಷ್ಟಕ್ಕೇ ನಿಲ್ತಾರೆ. ಆಟ ನೋಡಿ! ಎಡಗಡೆಯ ಹಾಫ್ ಬ್ಯಾಕ್, ಅಂದರೆ ರಕ್ಷಣೆಯ ಆಟಗಾರ. ಎತ್ತರದಿಂದ ಬೀಳುವ ಚೆಂಡಿಗೆ ಎರಡು ಬ್ಯಾಟುಗಳು ಒಟ್ಟಿಗೆ ಏಳುತ್ತವೆ, ಅದರ ನಡುವೆ ಬರಿಗೈ ಚಾಚಿ ಹಿಡಿಯಬೇಕು. ಬೆರಳು ಉಳಿದರೆ ಪುಣ್ಯ. ಹೆಲ್ಮೆಟ್ ಕಡ್ಡಾಯವಾಗಿದ್ದೇ 2010ರಲ್ಲಿ.
1999ರಲ್ಲಿ ಒಂದೇ ತಿಂಗಳಲ್ಲಿ ಹರ್ಲಿಂಗ್ ಫೈನಲ್ ಗೆದ್ದ, ಗೇಲಿಕ್ ಫುಟ್‌ಬಾಲ್ (ಕೈಯನ್ನೂ ಬಳಸುವ ಐರಿಷ್ ಫುಟ್‌ಬಾಲ್) ಫೈನಲ್ ಸೋತ. 2001ರಲ್ಲಿ ಕಾರು ಅಪಘಾತದಲ್ಲಿ ಮಂಡಿ ಹೋಯಿತು, ಇನ್ನು ಆಡಲ್ಲ ಅಂದುಕೊಂಡವರೇ ಜಾಸ್ತಿ. 2004ರಲ್ಲಿ ನೋಡಿದರೆ ವರ್ಷದ ಆಟಗಾರ!

ಹಿಂಜವಡಿ ಹುಡುಗ:
ದುಡ್ಡಿಲ್ಲದೆ ಇಷ್ಟೆಲ್ಲಾ? ಯಾರೂ ಜಗಳ ಆಡಲಿಲ್ವಾ?

ಡೊಂಬಿವಲಿ ಕಾಕಾ:
ಆಡದೆ ಇರ್ತಾರಾ! 2002ರ ಕೊನೆಯಲ್ಲಿ ಕಾರ್ಕ್ ಆಟಗಾರರು ಮುಷ್ಕರ ಹೂಡಿದರು, ಶಾನ್ ಓಗ್ ಕೂಡ ಇದ್ದ. ಕೇಳಿದ್ದು ಸಂಬಳ ಅಲ್ಲ. ಡಾಕ್ಟರ್, ಜಿಮ್, ಪ್ರಯಾಣದ ವ್ಯವಸ್ಥೆ. ಇಷ್ಟಕ್ಕೂ ಮುಷ್ಕರ ಬೇಕಾಯಿತು ಅನ್ನೋದೇ ನನಗೆ ಬೇಸರ. 2010ರಲ್ಲಿ ಅವನನ್ನು ತಂಡದಿಂದ ಕೈಬಿಟ್ಟರು, 2012ಕ್ಕೆ ಹೊಸ ಮ್ಯಾನೇಜರ್ ಬಂದು ವಾಪಸ್ ಕರೆದರು, ಅದೇ ವರ್ಷ ನಿವೃತ್ತಿ.
ನಿಮ್ಮ ಆಫೀಸಿನವರ ಹತ್ತಿರ ಬ್ಯಾಟು, ಚೆಂಡು ಇದ್ದರೆ ಭಾನುವಾರ ತರಲು ಹೇಳು. ಹೆಲ್ಮೆಟ್ ನಮ್ಮ ಮೊಮ್ಮಗನ ಕ್ರಿಕೆಟ್ಟಿನದು ಇದೆ.