‘ಪ್ರೋಬ್’ ಅನ್ನೋದಕ್ಕೆ ಏನಂತೀರಿ: ತಡಕೋದಾ, ಮಾತಾಡಿಸೋದಾ?

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಡಿಪ್ಲೊಮಾ ಮುಗಿಸಿ ವಸಂತನರಸಾಪುರದ ಕಡೆ ಕೆಲಸ ಹುಡುಕೋ ಹುಡುಗ್ರಿಗೆ ಎಂಬೆಡೆಡ್ ಬೋರ್ಡಿನ ಪಾಠ ಮಾಡ್ತೀನಿ, ಈಗ ನೋಟ್ಸ್ ಕನ್ನಡದಲ್ಲಿ ಬರೀತಾ ಇದೀನಿ. ಹೆಸರುಗಳ ಬಗ್ಗೆ ನಂದೇನೂ ತಕರಾರಿಲ್ಲ, ಬೂಟ್‌ಲೋಡರ್, ಫರ್ಮ್‌ವೇರ್, ಡಿವೈಸ್ ಟ್ರೀ (ಬೋರ್ಡಲ್ಲಿ ಏನೇನಿದೆ ಅಂತ ಲಿನಕ್ಸಿಗೆ ಹೇಳೋ ಪಟ್ಟಿ) ಎಲ್ಲಾ ಹಂಗೇ ಇರ್ಲಿ, ಅವಕ್ಕೆ ಹೊಸ ಪದ ಕಟ್ಟಿಕೊಟ್ರೆ ನಾಳೆ ಡೇಟಾಶೀಟ್ ತೆಗೆದಾಗ ಒದ್ದಾಡೋರು ಅವ್ರೇ. (ಎಸ್‌ಪಿಐ ಬಸ್, ಅಂದ್ರೆ ಚಿಪ್ಪುಗಳು ಮಾತಾಡ್ಕೊಳ್ಳೋ ತಂತಿಗಳ ಸಾಲು, ಅದನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರನ್ನ ಯಾರೋ ‘ಬಸ್ ಚಾಲಕ’ ಅಂತ ಮಾಡಿದ್ದ ಹಾಳೆ ನೋಡಿದೀನಿ, ಅದನ್ನ ಕೆಎಸ್ಸಾರ್ಟಿಸಿ ಡಿಪೋಗೆ ಕಳಿಸಬೇಕಿತ್ತು.) ತೊಡಕಿರೋದು ಕ್ರಿಯಾಪದಗಳಲ್ಲಿ.

ಕೆಲವನ್ನ ಹುಡುಗ್ರೇ ಬಗೆಹರಿಸಿಬಿಟ್ಟಿದಾರೆ. ಬೂಟ್ ಆಗೋದಕ್ಕೆ ಅವ್ರು ‘ಏಳೋದು’ ಅಂತಾರೆ, “ಸಾರ್ ಬೋರ್ಡ್ ಏಳ್ತಾನೇ ಇಲ್ಲ”. ಇದು ಚೆನ್ನಾಗೂ ಐತೆ, ಯಾಕಂದ್ರೆ ಎಲ್ಲಿವರೆಗೆ ಎದ್ದಿದೆ ಅಂತ ಕೇಳಬಹುದು. ನಾವು ಬಳಸೋ ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಲಿನಕ್ಸ್ ಬೋರ್ಡಲ್ಲಿ ಮೊದ್ಲು ಚಿಪ್ಪಿನೊಳಗೆ ಮೊದ್ಲೇ ಬರೆದಿಟ್ಟಿರೋ ರೋಮ್ ಕೋಡ್ ಏಳುತ್ತೆ, ಅದು ಎಮ್‌ಎಲ್‌ಓ ಅನ್ನೋ ಪುಟ್ಟ ಫೈಲನ್ನ ಒಳಗಿನ ಮೆಮೊರಿಗೆ ತರುತ್ತೆ, ಎಮ್‌ಎಲ್‌ಓ ಹೊರಗಿನ ಡಿಡಿಆರ್ ಮೆಮೊರಿನ ಸಿದ್ಧ ಮಾಡಿ ಯು-ಬೂಟ್ ಅನ್ನೋ ಪೂರ್ತಿ ಬೂಟ್‌ಲೋಡರನ್ನ ಎಬ್ಬಿಸುತ್ತೆ, ಆಮೇಲೆ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು. ಸೀರಿಯಲ್ ಕೇಬಲ್ ಹಾಕಿ ವೇಗ 115200ಕ್ಕೆ ಇಟ್ಟು ನೋಡಿದಾಗ ಸಾಲಾಗಿ ಸಿ ಸಿ ಸಿ ಅಂತ ಬರ್ತಾ ಇದ್ರೆ ರೋಮ್ ಎದ್ದು ಮುಂದಿನದು ಸಿಗದೆ ಸೀರಿಯಲ್ ಲೈನಲ್ಲೇ ಕಳಿಸ್ರಪ್ಪ ಅಂತ ಕೂತಿದೆ ಅಂತ ಅರ್ಥ. ಇದಕ್ಕೆ ‘ಅರ್ಧ ಎದ್ದೈತೆ’ ಅನ್ನೋದಕ್ಕಿಂತ ಚೆಂದದ ಮಾತು ನನಗೆ ಗೊತ್ತಿಲ್ಲ.

ಈಗ ಪ್ರೋಬ್ ವಿಷಯ. ನಿಘಂಟು ತೆಗೆದ್ರೆ ಶೋಧಿಸು, ತನಿಖೆ ಮಾಡು ಅಂತೆಲ್ಲ ಸಿಗುತ್ತೆ, ಲ್ಯಾಬಲ್ಲಿ ನೋಡಿದ್ರೆ ಒಂದೇ ಪದ ಬೇರೆಬೇರೆ ಕೆಲಸ ಮಾಡ್ತಾ ಇದೆ. ಆಸಿಲೋಸ್ಕೋಪಿನ ಪ್ರೋಬ್ ಇರ್ಲಿ ಬಿಡಿ, ಅದು ವಸ್ತು. ಯು-ಬೂಟಿನಲ್ಲಿ ‘ಐ2ಸಿ ಪ್ರೋಬ್’ ಅಂತ ಕಮಾಂಡ್ ಇದೆ, ಅದು ಐ2ಸಿ ಅನ್ನೋ ಎರಡು ತಂತಿಯ ಬಸ್ಸಿನ ಮೇಲಿನ ವಿಳಾಸಗಳನ್ನ ಒಂದಾದ ಮೇಲೊಂದು ಕೂಗ್ತಾ ಹೋಗುತ್ತೆ, ಯಾವ್ದು ಓಗೊಡುತ್ತೋ ಅದರ ನಂಬರ್ ಬರೆದು ತೋರ್ಸುತ್ತೆ. ಐ2ಸಿಯಲ್ಲಿ ಓಗೊಡೋದು ಅಂದ್ರೆ ಎಂಟು ಬಿಟ್ ಆದ ಮೇಲೆ ಒಂಬತ್ತನೇ ಕ್ಲಾಕಿಗೆ ಆ ಚಿಪ್ಪು ಎಸ್‌ಡಿಎ ಅನ್ನೋ ಡೇಟಾ ತಂತಿನ ಕೆಳಗೆ (ಸೊನ್ನೆಗೆ) ಎಳೆಯೋದು. ಅಕ್ನಾಲೆಜ್ ಅನ್ನೋದಕ್ಕೆ ‘ಓಗೊಡು’ ಅಂತ ನೋಟ್ಸಲ್ಲಿ ಹಾಕಿದೀನಿ, ಹಾಜರಿ ಕೂಗಿದಾಗ ಓ ಅನ್ನೋ ಹಾಗೆ, ಯಾರೂ ಅರ್ಥ ಕೇಳ್ಲಿಲ್ಲ. ಕತ್ತಲಲ್ಲಿ ಕೈಯಾಡಿಸಿದಂಗೆ ನಡೆಯೋ ಈ ಕೆಲಸಕ್ಕೆ ಪಾವಗಡದ ಹುಡುಗ ಒಬ್ಬ ‘ತಡಕೋದು’ ಅಂದ, ಅದನ್ನೇ ಇಟ್ಕೊಂಡೆ.

ಆದ್ರೆ ಲಿನಕ್ಸ್ ಡ್ರೈವರಿನೊಳಗಿನ ಪ್ರೋಬ್ ತಡಕೋದಲ್ಲ! ಇಲ್ಲೇ ಹುಡುಗ್ರು ಹಳ್ಳಕ್ಕೆ ಬೀಳೋದು. ಯುಎಸ್‌ಬಿಯಲ್ಲಿ ಸಿಕ್ಕಿಸಿದ ತಕ್ಷಣ ಸಾಧನವೇ ನಾನು ಇಂಥೋನು ಅಂತ ಹೇಳ್ಕೊಳ್ಳುತ್ತೆ, ಐ2ಸಿಯಲ್ಲಿ ಆ ವ್ಯವಸ್ಥೆ ಇಲ್ಲ. ಡಿಎಸ್3231 ಗಡಿಯಾರದ ಚಿಪ್ಪನ್ನ ಬೋರ್ಡಿನ ಪಿ9 ಸಾಲಿನ 19, 20ನೇ ಪಿನ್ನಿಗೆ ಹಾಕಿದ್ರೆ, ಐ2ಸಿ-2 ಅನ್ನೋ ಬಸ್ಸಲ್ಲಿ ಹೆಕ್ಸ್ 68ನೇ ವಿಳಾಸದಲ್ಲಿ ಇಂಥ ಚಿಪ್ ಇದೆ ಅಂತ ಡಿವೈಸ್ ಟ್ರೀನಲ್ಲಿ ನಾವೇ ಬರೀಬೇಕು. ಕರ್ನಲ್ ಅದನ್ನ ಓದಿ, ಕಂಪ್ಯಾಟಿಬಲ್ ಅನ್ನೋ ಸಾಲು ಯಾವ ಡ್ರೈವರಿಗೆ ಹೊಂದುತ್ತೋ ನೋಡಿ, ಆ ಡ್ರೈವರಿನ ಪ್ರೋಬ್ ಫಂಕ್ಷನ್ ಕರೆಯುತ್ತೆ. ಅಂದ್ರೆ ವಿಳಾಸವೂ ಗೊತ್ತು, ಹೆಸರೂ ಗೊತ್ತು, ಹೋಗಿ ಒಂದ್ಸಲ ಮಾತಾಡಿಸಿ ನೋಡಿ ಸರಿ ಇದ್ರೆ ಕೆಲಸಕ್ಕೆ ಹಚ್ಚೋದಷ್ಟೇ. ‘ಶೋಧಿಸು’ ಅಂತ ಓದಿದ ಹುಡುಗ ಚಿಪ್ಪನ್ನ ಸಿಕ್ಕಿಸಿ ಕರ್ನಲ್ ತಾನೇ ಹುಡುಕ್ಕೊಳ್ಳುತ್ತೆ ಅಂತ ಕಾಯ್ತಾ ಕೂರ್ತಾನೆ, ತಪ್ಪು ಅವನದಲ್ಲ.

ಅದಕ್ಕೇ ಇದನ್ನ ‘ಮಾತಾಡಿಸು’ ಅನ್ನೋಣ ಅಂತ ನನ್ನ ಯೋಚನೆ. ಎಸ್‌ಪಿಐಗೂ ಇದು ಒಪ್ಪುತ್ತೆ. ಅಲ್ಲಿ ಓಗೊಡೋ ಪದ್ಧತಿನೇ ಇಲ್ಲ, ವಿಳಾಸವೂ ಇಲ್ಲ, ಚಿಪ್ ಸೆಲೆಕ್ಟ್ ತಂತಿ ಕೆಳಗೆಳೆದು ಮಾತು ಶುರು ಮಾಡೋದೇ. ಯು-ಬೂಟಲ್ಲಿ ‘ಎಸ್‌ಎಫ್ ಪ್ರೋಬ್’ ಹೊಡೆದ್ರೆ ಫ್ಲ್ಯಾಶ್ ಚಿಪ್ಪಿಗೆ ಹೆಕ್ಸ್ 9ಎಫ್ ಕಳಿಸಿ ನಿನ್ನ ಐಡಿ ಏನು ಅಂತ ಕೇಳುತ್ತೆ, ತಂತಿ ಬಿಟ್ಟುಹೋಗಿದ್ರೆ ಬರೀ ಎಫ್‌ಎಫ್ ಇಲ್ಲಾ ಬರೀ ಸೊನ್ನೆ ಬರುತ್ತೆ. ಹಂಗಾಗಿ ಅದು ಯು-ಬೂಟಿನ ಕಮಾಂಡೇ ಆದ್ರೂ ತಡಕೋದಲ್ಲ, ಮಾತಾಡಿಸೋದೇ.

ಎಡವಟ್ಟು ಆಗ್ತಿರೋದು ಎರಡು ಕಡೆ. ಒಂದು, ಎರರ್ ಮೆಸೇಜಿಗೆ ವಿವರಣೆ ಬರೆಯುವಾಗ. ‘ಪ್ರೋಬ್ ಫೇಲ್ಡ್, ಎರರ್ ಮೈನಸ್ 121’ ಅಂತ ಬಂದ್ರೆ, ಈ ಬೋರ್ಡಲ್ಲಿ ಹೆಚ್ಚಾಗಿ ಚಿಪ್ ಓಗೊಡ್ಲಿಲ್ಲ ಅಂತ, ಅದನ್ನ ‘ಮಾತಾಡಿಸುವಿಕೆ ವಿಫಲ’ ಅಂತ ಬರೆದು ನೋಡಿದೆ, ಸರ್ಕಾರಿ ಸುತ್ತೋಲೆ ಥರ ಆಯ್ತು. ‘ಮಾತಾಡಿಸಿದ್ರೆ ಮಾತಾಡ್ತಿಲ್ಲ’ ಅಂದ್ರೆ ಉದ್ದ, ಆದ್ರೆ ಜೀವ ಇದೆ. ಇನ್ನೊಂದು ಡೆಫರ್ಡ್ ಪ್ರೋಬ್, ಮೈನಸ್ 517. ಡ್ರೈವರಿಗೆ ಬೇಕಾದ ರೆಗ್ಯುಲೇಟರೋ ಕ್ಲಾಕೋ ಇನ್ನೂ ಬಂದಿಲ್ಲ, ಆಮೇಲೆ ಇನ್ನೊಂದ್ಸಲ ಕರೀರಿ ಅನ್ನೋ ಅರ್ಥ. ಇದನ್ನ ವೈಫಲ್ಯದ ಜೊತೆ ಸೇರಿಸಿದ್ರೆ ಹುಡುಗ್ರು ಸುಮ್ನೆ ಹೆದರಿ ವೈರಿಂಗ್ ಎಲ್ಲಾ ಬಿಚ್ಚಿಬಿಡ್ತಾರೆ. ‘ಮುಂದಕ್ಕೆ ಹಾಕಿದೆ’ ಅಂತ ಸದ್ಯಕ್ಕೆ ಬರೆದಿದೀನಿ.

ಐ2ಸಿಯಲ್ಲಿ ಮಾತು ಶುರು ಮಾಡೋ ಚಿಪ್, ಓಗೊಡೋ ಚಿಪ್ ಇವುಗಳ ಹಳೇ ಹೆಸರಾದ ಮಾಸ್ಟರ್-ಸ್ಲೇವ್ ಜೋಡಿಗೆ ಧಣಿ-ಆಳು ಸೂಚಿಸಬೇಡಿ ದಯವಿಟ್ಟು, 2021ರಲ್ಲಿ ಐ2ಸಿ ಸ್ಪೆಸಿಫಿಕೇಶನ್ನೇ ಕಂಟ್ರೋಲರ್-ಟಾರ್ಗೆಟ್ ಅಂತ ಬದಲಾಯಿಸಿಕೊಂಡಿದೆ, ನಾನೂ ಅದನ್ನೇ ಇಟ್ಟಿದೀನಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಯಾಕ್ಟರಿಗಳಲ್ಲಿ ಬೋರ್ಡ್ ಟೆಸ್ಟಿಂಗ್ ಮಾಡೋರು ಇಲ್ಲಿದ್ರೆ ಹೇಳಿ, ಲೈನಲ್ಲಿ ನಿಂತು ಪಕ್ಕದವರಿಗೆ ಈ ತಾಪತ್ರಯ ವಿವರಿಸುವಾಗ ಬಾಯಿಗೆ ಬರೋ ಮಾತು ಯಾವ್ದು? ಪುಸ್ತಕದ್ದು ಬೇಡ. ‘ಮಾತಾಡಿಸು’ವಿನಿಂದ ಎರಡು-ಮೂರು ಅಕ್ಷರದ ಹೆಸರುಪದ ಏನಾದ್ರೂ ಹೊರಡುತ್ತಾ, ಇಲ್ಲಾ ಹೆಸರಾಗಿ ಬಂದಾಗ ‘ಪ್ರೋಬ್’ ಅಂತಲೇ ಇಟ್ಟು ಕ್ರಿಯೆಗೆ ಮಾತ್ರ ಕನ್ನಡ ಬಳಸಿದ್ರೆ ಓದೋರಿಗೆ ಗೊಂದಲ ಆಗುತ್ತಾ?